ಅದರ ಜಾಗಕ್ಕೆ: ಮಣ್ಣಿನ ಮೊಳೆಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಇವತ್ತಿನ ದಕ್ಷಿಣ ಇರಾಕಿನಲ್ಲಿದ್ದ ಪುರಾತನ ನಾಡು ಸುಮೇರಿನ ಗುಡಿಗಳ ಬಗ್ಗೆ ಬರೆಯುವಾಗ ಬರಹವಿರುವ ಮಣ್ಣಿನ ಶಂಕುಗಳ ಮಾತು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲಿನ ಬಗ್ಗೆಯೇ ಇವೆ. ನನಗೆ ಇದಕ್ಕಿಂತ ಖುಷಿಯ ವಿಷಯ ಇನ್ನೊಂದಿಲ್ಲ. ಇಪ್ಪತ್ತೆರಡು ವರ್ಷ ನಾನು ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಹಳೆಯ ಮಣ್ಣಿನ ವಸ್ತುಗಳಿಂದ ಉಪ್ಪು ತೆಗೆದು, ಒಡೆದದ್ದನ್ನು ಜೋಡಿಸಿ ಕಾಪಾಡುವ ಕೆಲಸ ಮಾಡಿದೆ. ಆ ಮೇಜಿನ ಮೇಲೆ ಬಂದುಹೋದ ವಸ್ತುಗಳಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದವು ಇವೇ. ಹಾಗಾಗಿ ಈ ಸಲದ ಪುಟಗಳನ್ನೆಲ್ಲ ಇವಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಒಂದು ವಸ್ತುಸಂಗ್ರಹಾಲಯದ ಜಾಲತಾಣದಲ್ಲಿ ಮಣ್ಣಿನ ಶಂಕುವಿನ ಚಿತ್ರ ನೋಡಿದೆ. ಕೆಳಗೆ ‘ಮೊಳೆ’ ಎಂದು ಬರೆದಿದ್ದರು. ಮಣ್ಣಿನಲ್ಲಿ ಮಾಡಿದ ಮೊಳೆ ಏನನ್ನು ಹಿಡಿದು ನಿಲ್ಲಿಸುತ್ತದೆ? ಹೊಡೆದರೆ ಪುಡಿಯಾಗುವುದಿಲ್ಲವೇ?

ಉತ್ತರ: ಅದು ಏನನ್ನೂ ಹಿಡಿದು ನಿಲ್ಲಿಸುವುದಿಲ್ಲ. ಸುತ್ತಿಗೆಯಿಂದ ಹೊಡೆಯುವ ಮೊಳೆಯೂ ಅಲ್ಲ. ಹಸಿ ಇಟ್ಟಿಗೆಯ ಗೋಡೆ ಏಳುತ್ತಿರುವಾಗ ಇಟ್ಟಿಗೆಗಳ ನಡುವಿನ ಮೆತ್ತನೆಯ ಮಣ್ಣಿಗೆ ಅದನ್ನು ಒತ್ತಿ ಸೇರಿಸುತ್ತಿದ್ದರು. ಚೂಪು ತುದಿ ಒಳಕ್ಕೆ, ಅಗಲವಾದ ತಲೆ ಹೊರಕ್ಕೆ. ಗೋಡೆ ಅದಿಲ್ಲದೆಯೂ ನಿಲ್ಲುತ್ತಿತ್ತು.

ಹಾಗಾದರೆ ಯಾಕೆ ಬೇಕಿತ್ತು? ಇದಕ್ಕೆ ಉತ್ತರ ಗುಡಿಗಳಲ್ಲಿ ಅಲ್ಲ, ಮನೆ ಮಾರಾಟದ ಪತ್ರಗಳಲ್ಲಿ ಸಿಗುತ್ತದೆ. ಕ್ರಿ.ಪೂ. 2400ರ ಆಸುಪಾಸಿನಲ್ಲಿ ಲಗಾಶ್ ರಾಜ್ಯದಲ್ಲಿ ಮನೆ ಕೈ ಬದಲಾದಾಗ ಒಂದು ಶಾಸ್ತ್ರ ನಡೆಯುತ್ತಿತ್ತು. ಬೀದಿಯಲ್ಲಿ ಸಾರುವವನು ಬಂದು ಗೋಡೆಗೆ ಒಂದು ಮೊಳೆ ಸೇರಿಸಿ, ಅದರ ಬದಿಗೆ ಎಣ್ಣೆ ಹಾಕುತ್ತಿದ್ದ. ಪತ್ರಗಳಲ್ಲೂ ಆ ಮಾತೇ ಇದೆ: ‘ಅದರ ಮೊಳೆಯನ್ನು ಗೋಡೆಗೆ ಹೊಡೆದನು, ಅದರ ಎಣ್ಣೆಯನ್ನು ಬದಿಗೆ ಹಚ್ಚಿದನು.’ ಅಲ್ಲಿಗೆ ಮನೆ ಕೊಂಡವನದು. ನಾಲ್ಕು ಜನ ನೋಡಿದ್ದಾರೆ, ಇನ್ನು ಯಾರೂ ತಕರಾರು ಎತ್ತುವಂತಿಲ್ಲ. ಮೊಳೆ ಅಂದರೆ ‘ಇದು ಇಂಥವರದು’ ಎಂಬ ಮಾತು ಅಷ್ಟೇ.

ಗುಡಿಯ ಮೊಳೆಯೂ ಅದೇ ಮಾತನ್ನು ಆಡುತ್ತದೆ ಅನ್ನುವುದು ನನ್ನ ನಂಬಿಕೆ. ಈ ಮನೆ ಇಂಥ ದೇವರದು, ಕಟ್ಟಿಸಿಕೊಟ್ಟವನು ಇಂಥ ದೊರೆ. ಸುಮೇರಿನವರು ಗುಡಿಯನ್ನು ಕರೆಯುತ್ತಿದ್ದದ್ದೂ ‘ಎ’ ಅಂತ, ಅಂದರೆ ಮನೆ. ನಿಮ್ಮ ಮನೆ, ನನ್ನ ಮನೆ, ದೇವರ ಮನೆ, ಎಲ್ಲಕ್ಕೂ ಅದೇ ಪದ. ಮೊಳೆಗೆ ಅವರು ‘ಗಗ್’ ಎನ್ನುತ್ತಿದ್ದರು. ಅಲ್ಲೇ ಆಡುತ್ತಿದ್ದ ಇನ್ನೊಂದು ಭಾಷೆ ಅಕ್ಕಾಡಿಯನ್‌ನಲ್ಲಿ ಅದು ‘ಸಿಕ್ಕತು’.

ಪ್ರಶ್ನೆ: ಅಂಥ ಒಂದು ಶಂಕುವನ್ನು ನೀವು ಕೈಯಲ್ಲಿ ಹಿಡಿದಿದ್ದೀರಾ? ಅದರ ಮೇಲೆ ಏನಿರುತ್ತದೆ, ಒಂದನ್ನಾದರೂ ಪೂರ್ತಿ ಹೇಳಿ.

ಉತ್ತರ: ಹಿಡಿದಿದ್ದೇನೆ. ಮೊದಲನೆಯದು ಗುಡೇಯನದು. ಕ್ರಿ.ಪೂ. 2100ಕ್ಕೆ ತುಸು ಹಿಂದೆ ಲಗಾಶನ್ನು ಆಳಿದವನು. ಅವನ ದೇವರ ಊರು ಗಿರ್ಸು, ಇವತ್ತಿನ ದಕ್ಷಿಣ ಇರಾಕಿನ ತೆಲ್ಲೋ ದಿಬ್ಬ. ಅಲ್ಲಿ ಅವನು ನಿಂಗಿರ್ಸು ದೇವರಿಗೆ ‘ಎನಿನ್ನು’ ಎಂಬ ಗುಡಿ ಕಟ್ಟಿಸಿದ. ಬಸ್ರಾದಲ್ಲಿದ್ದ ಫ್ರೆಂಚ್ ಉಪ ರಾಯಭಾರಿ ಅರ್ನೆಸ್ಟ್ ದ ಸಾರ್ಜೆಕ್ 1877ರಲ್ಲಿ ಆ ದಿಬ್ಬ ಅಗೆಯಲು ಶುರು ಮಾಡಿದರು. ಅಲ್ಲಿಂದ ಈಚೆಗೆ ಗುಡೇಯನ ಮೊಳೆಗಳು ಸಾವಿರಕ್ಕೂ ಜಾಸ್ತಿ ಸಿಕ್ಕಿವೆ. ಸುಮೇರಿನ ಯಾವುದಾದರೂ ಒಂದು ಬರಹ ಜಗತ್ತಿನ ಬಹಳ ಊರುಗಳಲ್ಲಿ ಇದೆ ಅಂದರೆ ಅದು ಇದೇ.

ನನ್ನ ಮೇಜಿಗೆ ಬಂದದ್ದು ಒಂದು ಗೇಣಿಗಿಂತ ಚಿಕ್ಕದು. ಸುಟ್ಟ ಮಣ್ಣು, ಬಣ್ಣ ಒಣಗಿದ ಬಿಸ್ಕತ್ತಿನ ಹಾಗೆ. ತುದಿ ಮುರಿದಿತ್ತು. ತಲೆ ಅಣಬೆಯ ಕೊಡೆಯ ತರಹ, ಅಂಚು ಒಂದು ಕಡೆ ಸ್ವಲ್ಪ ಚಪ್ಪಟೆ. ತಲೆಯ ಅಡಿಗೆ, ಕಾಂಡ ಶುರುವಾಗುವ ಕಡೆ, ಒಂದು ಹೆಬ್ಬೆರಳಿನ ಗುರುತು ಇತ್ತು. ಗೆರೆಗಳು ಕೂಡ ಕಾಣುತ್ತಿದ್ದವು. ಮೆತ್ತನೆಯ ಮಣ್ಣನ್ನು ಎತ್ತಿ ಪಕ್ಕಕ್ಕಿಟ್ಟವನ ಬೆರಳು. ನನ್ನ ಹೆಬ್ಬೆರಳನ್ನು ಅದರ ಮೇಲೆ ಇಟ್ಟು ನೋಡಿದೆ, ಅವನದು ಸಣ್ಣದು. ಹುಡುಗನೋ ಹೆಂಗಸೋ ಇರಬಹುದು ಅಂತ ಆ ದಿನವೆಲ್ಲ ಯೋಚಿಸುತ್ತಿದ್ದೆ.

ದಕ್ಷಿಣ ಇರಾಕಿನ ನೆಲದಲ್ಲಿ ಉಪ್ಪು ವಿಪರೀತ. ಸಾವಿರಾರು ವರ್ಷ ಹೂತಿದ್ದ ಮಣ್ಣಿನ ವಸ್ತು ಆ ಉಪ್ಪನ್ನು ಕುಡಿದಿರುತ್ತದೆ. ಹೊರಗೆ ತಂದು ಇಟ್ಟಾಗ ಗಾಳಿಯ ತೇವಕ್ಕೆ ಉಪ್ಪು ಕರಗುತ್ತದೆ, ಒಣಗಿದಾಗ ಹರಳಾಗಿ ಉಬ್ಬುತ್ತದೆ, ಮೇಲ್ಮೈ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಚಕ್ಕೆಯ ಜೊತೆ ಅಕ್ಷರವೂ ಹೋಗುತ್ತದೆ. ಚೆನ್ನಾಗಿ ಸುಟ್ಟ ಮೊಳೆಯಾದರೆ ಶುದ್ಧ ನೀರಿನಲ್ಲಿ ಮುಳುಗಿಸಿ, ನೀರು ಬದಲಿಸುತ್ತಾ ಬದಲಿಸುತ್ತಾ ಉಪ್ಪು ಬಿಡಿಸಬಹುದು. ಸುಡದ ಮಣ್ಣಾದರೆ ನೀರಿಗೆ ಹಾಕಿದ ಕೂಡಲೇ ಕೆಸರಾಗಿಬಿಡುತ್ತದೆ. ಅದಕ್ಕೇ ನೀರಿಗೆ ಇಡುವ ಮೊದಲು ಅದು ಸುಟ್ಟದ್ದೋ ಅಲ್ಲವೋ ಅಂತ ಹತ್ತು ಸಲ ನೋಡುತ್ತಿದ್ದೆವು. ಈ ಮೊಳೆ ಹಲವು ವಾರ ನೀರಿನಲ್ಲಿತ್ತು. ದಿನಾ ಬೆಳಿಗ್ಗೆ ಬಂದು ಮೊದಲು ಅದನ್ನೇ ನೋಡುತ್ತಿದ್ದೆ.

ಬರಹ ಇರುವುದು ಕಾಂಡದ ಸುತ್ತ. ಜೊಂಡಿನ ಲೇಖನಿಯಿಂದ ಗೆರೆ ಎಳೆದು ಸಣ್ಣ ಸಣ್ಣ ಮನೆಗಳನ್ನು ಮಾಡಿ, ಒಂದೊಂದು ಮನೆಯಲ್ಲಿ ಒಂದೆರಡು ಪದ ಒತ್ತಿದ್ದಾರೆ. ಮೊಳೆಯನ್ನು ಅಡ್ಡ ಹಿಡಿದು ನಿಧಾನವಾಗಿ ಉರುಳಿಸುತ್ತಾ ಹೋದರೆ ಓದು ಮುಂದೆ ಸಾಗುತ್ತದೆ. ಮೊದಲ ಚಿಹ್ನೆ ಒಂದು ನಕ್ಷತ್ರ. ಮುಂದೆ ಬರುವುದು ದೇವರ ಹೆಸರು ಅಂತ ಆ ನಕ್ಷತ್ರ ಹೇಳುತ್ತದೆ, ಅದನ್ನು ಬಾಯಿಬಿಟ್ಟು ಓದುವುದಿಲ್ಲ. ಇನ್ನೂ ಸ್ವಲ್ಪ ಉರುಳಿಸಿದರೆ ‘ಮನೆ’ಯ ಚಿಹ್ನೆ, ಅದರ ಪಕ್ಕ ಲೇಖನಿಯ ಮೂಲೆಯಿಂದ ಒತ್ತಿದ ಐದು ಗುಳಿ. ಒಂದು ಗುಳಿಗೆ ಹತ್ತು, ಐದಕ್ಕೆ ಐವತ್ತು. ಐವತ್ತಕ್ಕೆ ಸುಮೇರಿನಲ್ಲಿ ‘ನಿನ್ನು’. ಎ-ನಿನ್ನು, ಐವತ್ತರ ಮನೆ. ಲಿಪಿ ಬಾರದವರೂ ಈ ಐದು ಗುಳಿಯನ್ನು ಗುರುತಿಸಬಹುದು. ಗುಡೇಯನ ಮೊಳೆಯ ಸ್ಪಷ್ಟ ಚಿತ್ರ ಸಿಕ್ಕಾಗ ಹುಡುಕಿ ನೋಡಿ.

ಪೂರ್ತಿ ಬರಹ ಹತ್ತು ಸಾಲು. ನನ್ನ ಕೈಲಾದಷ್ಟು ಕನ್ನಡ ಮಾಡಿದ್ದೇನೆ:

‘ಎನ್ಲಿಲನ ಬಲಶಾಲಿ ವೀರ ನಿಂಗಿರ್ಸುವಿಗಾಗಿ, ಲಗಾಶಿನ ಒಡೆಯ ಗುಡೇಯನು ಆಗಬೇಕಾದುದನ್ನೆಲ್ಲ ಚೆನ್ನಾಗಿ ಆಗಿಸಿಕೊಟ್ಟನು. ಬಿಳಿಯ ಅಂಜೂ ಹಕ್ಕಿಯಾದ ಎನಿನ್ನುವನ್ನು ಅವನಿಗೆ ಕಟ್ಟಿದನು. ಅದನ್ನು ಅದರ ಜಾಗಕ್ಕೆ ಮರಳಿಸಿದನು.’

ಎನ್ಲಿಲ ಸುಮೇರಿನ ದೇವರುಗಳಲ್ಲಿ ಹಿರಿಯ. ಅಂಜೂ ಅಂದರೆ ಸಿಂಹದ ತಲೆಯ ಹದ್ದು, ಗುಡುಗಿನ ಹಕ್ಕಿ. ಕೊನೆಯ ಸಾಲನ್ನು ವಿದ್ವಾಂಸರು ‘ಜೀರ್ಣೋದ್ಧಾರ ಮಾಡಿದನು’ ಎಂದು ಅನುವಾದಿಸುತ್ತಾರೆ. ತಪ್ಪೇನಿಲ್ಲ. ಆದರೆ ಸುಮೇರಿನ ಪದಗಳು ಹೇಳುವುದು ‘ಅದರ ಜಾಗಕ್ಕೆ ಮರಳಿಸಿದ’ ಅಂತ. ನನಗೆ ಆ ಮಾತನ್ನು ಹಾಗೇ ಬಿಡುವುದು ಇಷ್ಟ. ನನ್ನ ಮೊಳೆಯ ಲಿಪಿಕಾರ ಆ ಸಾಲಿಗೆ ಬರುವಷ್ಟರಲ್ಲಿ ಜಾಗ ಮುಗಿಸಿಕೊಂಡಿದ್ದ. ಕೊನೆಯ ಮನೆಯೊಳಗೆ ಚಿಹ್ನೆಗಳು ಒತ್ತೊತ್ತಾಗಿ, ಸ್ವಲ್ಪ ಓರೆಯಾಗಿ ಕೂತಿದ್ದವು.

ಪ್ರಶ್ನೆ: ನಾನು ಒಂಬತ್ತನೇ ತರಗತಿ ವಿದ್ಯಾರ್ಥಿನಿ. ಬರಹ ಇರುವ ಭಾಗ ಗೋಡೆಯ ಒಳಗೆ ಹೋಗುತ್ತದೆ ಅಂದರೆ ಅದನ್ನು ಯಾರೂ ಓದಲು ಆಗುವುದಿಲ್ಲ ಅಲ್ವಾ? ಮತ್ತೆ ಯಾಕೆ ಬರೆದರು?

ಉತ್ತರ: ನೀನು ಕೇಳಿದ ಪ್ರಶ್ನೆಯನ್ನು ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕೇಳಿದ್ದೆ ಮಗೂ. ಹೌದು, ಗೋಡೆ ನಿಂತಿರುವವರೆಗೆ ಯಾರೂ ಓದಲಾರರು. ಕಂಡರೆ ತಲೆ ಮಾತ್ರ, ಮೇಲೆ ಮಣ್ಣಿನ ಗಿಲಾವು ಬಳಿದರೆ ಅದೂ ಇಲ್ಲ.

ಆದರೆ ಓದುವವರು ಇಬ್ಬರಿದ್ದರು. ಒಬ್ಬರು ದೇವರು. ದೇವರಿಗೆ ಗೋಡೆ ಅಡ್ಡ ಬರುವುದಿಲ್ಲ. ಇನ್ನೊಬ್ಬರು ಇನ್ನೂ ಹುಟ್ಟದ ದೊರೆ.

ಇದನ್ನು ಅರ್ಥ ಮಾಡಿಕೊಳ್ಳಲು ಹಸಿ ಇಟ್ಟಿಗೆಯ ಸ್ವಭಾವ ಗೊತ್ತಿರಬೇಕು. ಅಲ್ಲಿ ಕಲ್ಲು ಕಡಿಮೆ, ಗಟ್ಟಿ ಮರ ಕಡಿಮೆ, ನದಿ ತಂದು ಹಾಕಿದ ಮಣ್ಣು ಮಾತ್ರ ಬೇಕಾದಷ್ಟು. ಮಣ್ಣು, ಹುಲ್ಲು, ನೀರು ಕಲಸಿ ಅಚ್ಚಿಗೆ ಹಾಕಿ ಬಿಸಿಲಿಗೆ ಒಣಗಿಸಿದರೆ ಇಟ್ಟಿಗೆ. ಮಳೆ ಬಿದ್ದರೆ ಅದು ಮತ್ತೆ ಮಣ್ಣೇ. ವರ್ಷ ವರ್ಷ ಗಿಲಾವು ಬಳಿಯದಿದ್ದರೆ ಗೋಡೆ ಸೊರಗುತ್ತದೆ. ಎಷ್ಟು ದೊಡ್ಡ ಗುಡಿಯಾದರೂ ಒಂದು ದಿನ ಕುಸಿಯುತ್ತದೆ ಅನ್ನುವುದು ಕಟ್ಟಿಸಿದವನಿಗೆ ಕಟ್ಟುವ ದಿನವೇ ಗೊತ್ತಿತ್ತು. ಆಗ ಇನ್ನೊಬ್ಬ ದೊರೆ ಬರುತ್ತಾನೆ, ಹಳೆಯದನ್ನು ಬಿಡಿಸುತ್ತಾನೆ, ಅದೇ ಜಾಗದಲ್ಲಿ ಹೊಸದನ್ನು ಎಬ್ಬಿಸುತ್ತಾನೆ. ಬಿಡಿಸುವಾಗ ಮೊಳೆ ಅವನ ಕೈಗೆ ಸಿಗುತ್ತದೆ. ಪತ್ರ ಅವನಿಗೆ.

ಮುಂದೆ ಉತ್ತರದ ಅಸ್ಸೀರಿಯಾ ರಾಜ್ಯದ ದೊರೆಗಳು ಇದನ್ನು ಬಾಯಿಬಿಟ್ಟೇ ಬರೆದರು. ನನ್ನ ಬರಹ ಸಿಕ್ಕರೆ ಅದಕ್ಕೆ ಎಣ್ಣೆ ಹಚ್ಚು, ಬಲಿ ಕೊಡು, ಅದರ ಜಾಗಕ್ಕೆ ಮರಳಿಸು. ಹಾಗೆ ಮಾಡಿದರೆ ದೇವರು ನಿನ್ನ ಮೊರೆ ಕೇಳುತ್ತಾನೆ. ನನ್ನ ಹೆಸರು ಅಳಿಸಿ ನಿನ್ನ ಹೆಸರು ಬರೆದರೆ ಶಾಪ. ಎಣ್ಣೆ ಮತ್ತೆ ಬಂತು ನೋಡು, ಮನೆ ಮಾರಾಟದ ಮೊಳೆಗೆ ಹಚ್ಚಿದ ಹಾಗೆಯೇ.

ಈ ಮಾತನ್ನು ನಿಜವಾಗಿ ಪಾಲಿಸಿದವರೂ ಇದ್ದಾರೆ. ಬಾಬಿಲೋನಿನ ಕೊನೆಯ ದೊರೆ ನಬೋನಿಡಸ್ ಕ್ರಿ.ಪೂ. 556ರಿಂದ 539ರವರೆಗೆ ಆಳಿದ. ಸಿಪ್ಪರ್ ಊರಿನ ಸೂರ್ಯದೇವರ ಗುಡಿ ಕುಸಿಯುತ್ತಿತ್ತು. ಹಳೆಯ ಅಡಿಪಾಯ ಸಿಗದೆ ಹೊಸದನ್ನು ಕಟ್ಟಲು ಅವನಿಗೆ ಮನಸ್ಸಿಲ್ಲ. ಹದಿನೆಂಟು ಮೊಳ ಆಳ ಅಗೆಸಿದೆ ಎಂದು ಅವನೇ ಬರೆದಿದ್ದಾನೆ. ಅಲ್ಲಿ ನರಾಮ್‌ಸಿನ್ ಎಂಬ ಪುರಾತನ ದೊರೆಯ ಅಡಿಪಾಯವೂ ಬರಹವೂ ಸಿಕ್ಕವು. 3200 ವರ್ಷ ಯಾವ ದೊರೆಯೂ ನೋಡಿರದಿದ್ದ ಅಡಿಪಾಯ ಅಂತ ಅವನ ಲೆಕ್ಕ. ಆ ಲೆಕ್ಕ ತಪ್ಪು, ಇಬ್ಬರ ನಡುವೆ ಇದ್ದದ್ದು ಸುಮಾರು 1700 ವರ್ಷ. ಆದರೆ ಮುಂದೆ ಅವನು ಮಾಡಿದ್ದು ಒಂದಕ್ಷರ ತಪ್ಪಿಲ್ಲದ ಕೆಲಸ. ಹಳೆಯ ಬರಹವನ್ನು ಬದಲಿಸಲಿಲ್ಲ. ಎಣ್ಣೆ ಹಚ್ಚಿದ, ಬಲಿ ಕೊಟ್ಟ, ತನ್ನ ಬರಹದ ಜೊತೆ ಅದನ್ನೂ ಇಟ್ಟು ಅದರ ಜಾಗಕ್ಕೆ ಮರಳಿಸಿದ.

ಹಾಗಾಗಿ ‘ಯಾರೂ ಓದಲು ಆಗುವುದಿಲ್ಲ’ ಅನ್ನುವುದು ಸರಿಯಲ್ಲ. ‘ಈಗ ಯಾರೂ ಓದಲು ಆಗುವುದಿಲ್ಲ’ ಅನ್ನು.

ಪ್ರಶ್ನೆ: ಹೋದ ಸಂಚಿಕೆಯಲ್ಲಿ ಈ ಶಂಕುಗಳನ್ನು ‘ಅಡಿಪಾಯದ ಕೆಳಗೆ ಹೂಳುತ್ತಿದ್ದರು’ ಎಂದು ಬರೆದಿದ್ದಿರಿ. ಗೋಡೆಯಲ್ಲಿ ಅಲ್ಲವೇ?

ಉತ್ತರ: ಗೋಡೆಯಲ್ಲಿ. ನಾನು ಬರೆದದ್ದು ತಪ್ಪು, ತಿದ್ದಿದ್ದಕ್ಕೆ ನಿಮಗೆ ಕೃತಜ್ಞ. ಅಡಿಪಾಯದ ಕೆಳಗೆ ಹೂಳುತ್ತಿದ್ದದ್ದು ಬೇರೆ ವಸ್ತು. ಸುಟ್ಟ ಇಟ್ಟಿಗೆಯಲ್ಲಿ ಸಣ್ಣ ಪೆಟ್ಟಿಗೆ ಕಟ್ಟಿ, ಅದರೊಳಗೆ ಲೋಹದ ಒಂದು ಗೊಂಬೆ, ಜೊತೆಗೆ ಕಲ್ಲಿನ ಫಲಕ. ಗುಡೇಯನ ಕಾಲದ ಗೊಂಬೆಗಳಲ್ಲಿ ಮೊಣಕಾಲೂರಿದ ದೇವರು ದೊಡ್ಡ ಗೂಟವೊಂದನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಊರುತ್ತಿರುತ್ತಾನೆ. ಆಮೇಲೆ ಬಂದ ಊರ್‌ನಮ್ಮು ಮತ್ತು ಶುಲ್ಗಿ ಎಂಬ ಊರ್ ನಗರದ ದೊರೆಗಳ ಗೊಂಬೆಗಳಲ್ಲಿ ದೊರೆಯೇ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ನಿಂತಿರುತ್ತಾನೆ. ಕೂಲಿಯವನ ಹಾಗೆ, ಬರಿ ಮೈಯಲ್ಲಿ. ಎರಡನ್ನೂ ‘ಮೊಳೆ’ ಎಂದು ಕರೆಯುವುದರಿಂದ ನನ್ನ ಸಾಲು ಎಡವಿತು.

ಪ್ರಶ್ನೆ: ಬರ್ಲಿನ್ನಿನಲ್ಲಿ ಬಣ್ಣ ಬಣ್ಣದ ಶಂಕುಗಳ ಗೋಡೆ ಇದೆಯಂತೆ. ಅದೂ ಇದೇನಾ?

ಉತ್ತರ: ಅಲ್ಲ. ಅದು ಉರುಕ್ ಊರಿನದು, ಇವಕ್ಕಿಂತ ಸಾವಿರ ವರ್ಷ ಹಳೆಯದು, ಕ್ರಿ.ಪೂ. 3500 ಮತ್ತು 3000ರ ನಡುವಿನದು. ಪೆನ್ಸಿಲಿನಂಥ ಸಣ್ಣ ಶಂಕುಗಳ ತಲೆಗೆ ಕೆಂಪು, ಕಪ್ಪು, ಬಿಳಿ ಬಣ್ಣ ಕೊಟ್ಟು ಹಸಿ ಗಿಲಾವಿಗೆ ಸಾಲಾಗಿ ಚುಚ್ಚಿ, ಚಾಪೆಯ ನೇಯ್ಗೆಯಂಥ ಚಿತ್ತಾರ ಮಾಡುತ್ತಿದ್ದರು. ಅವುಗಳ ಮೇಲೆ ಅಕ್ಷರವಿಲ್ಲ. ಅಂದಕ್ಕೂ ಹೌದು, ಗೋಡೆಯ ಮೈಯನ್ನು ಕಾಪಾಡಲಿಕ್ಕೂ ಹೌದು. ವಿಲಿಯಂ ಲಾಫ್ಟಸ್ 1850ರ ದಶಕದಲ್ಲೇ ಅಲ್ಲಿ ಇಂಥ ಗೋಡೆಯೊಂದನ್ನು ಅಗೆದು ತೆಗೆದಿದ್ದರು.

ಪ್ರಶ್ನೆ: ‘ನಾನು ಕಟ್ಟಿಸಿದೆ, ನಾನು ಕಟ್ಟಿಸಿದೆ’ ಅನ್ನುವುದು ಬಿಟ್ಟು ಈ ಶಂಕುಗಳಲ್ಲಿ ಬೇರೇನಾದರೂ ಇದೆಯೇ? ದೊರೆಗಳ ಹೊಗಳಿಕೆ ಓದಿ ನನಗೆ ಸಾಕಾಗಿದೆ.

ಉತ್ತರ: ಇದೆ. ನಾಲ್ಕು ಶಂಕುಗಳ ಕಥೆ ಹೇಳುತ್ತೇನೆ, ಆಮೇಲೆ ನೀವೇ ನಿರ್ಧರಿಸಿ.

ಮೊದಲ ಎರಡು ಲಗಾಶಿನ ಎನ್ಮೆತೆನನವು, ಕ್ರಿ.ಪೂ. 2400ರ ಸುಮಾರಿನವು. ಒಂದು ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ, 27 ಸೆಂಟಿಮೀಟರ್ ಎತ್ತರ. ಪಕ್ಕದ ಉಮ್ಮಾ ರಾಜ್ಯದ ಜೊತೆಗಿನ ಗಡಿ ಜಗಳವನ್ನು ಅದು ತಲೆಮಾರುಗಳಿಂದ ಹೇಳಿಕೊಂಡು ಬರುತ್ತದೆ. ಕಿಶ್‌ನ ದೊರೆ ಮೆಸಿಲಿಮ್ ಹಗ್ಗ ಹಿಡಿದು ಅಳೆದು ಗಡಿಕಲ್ಲು ನೆಟ್ಟನಂತೆ. ಉಮ್ಮಾದ ಒಡೆಯ ಅದನ್ನು ಕಿತ್ತು ಹೊಲಕ್ಕೆ ನುಗ್ಗಿದನಂತೆ. ಆಮೇಲೆ ಯುದ್ಧ, ಹೊಸ ಕಾಲುವೆ, ಮತ್ತೆ ಒಪ್ಪಂದ. ಸಾಲವಾಗಿ ಕೊಟ್ಟ ಜವೆಗೋಧಿ, ಅದರ ಮೇಲೆ ಬೆಳೆದ ಬಡ್ಡಿ, ತೀರಿಸಲಾಗದೆ ಮತ್ತೆ ಯುದ್ಧ. ಒಂದೇ ಕಡೆಯವರ ಮಾತು ಅನ್ನುವುದು ನಿಜ. ಆದರೂ ಒಂದು ಜಗಳಕ್ಕೆ ಹಿಂದಿನ ಕಾರಣ, ಅದಕ್ಕೂ ಹಿಂದಿನ ಕಾರಣ ಅಂತ ಹುಡುಕಿಕೊಂಡು ಹೋಗಿ ಬರೆದ ಬರಹ ಇದಕ್ಕಿಂತ ಹಳೆಯದು ಸಿಗುವುದು ಕಷ್ಟ.

ಎನ್ಮೆತೆನನ ಇನ್ನೊಂದು ಮೊಳೆ ಪುಟ್ಟದು, ಅದರ ಪ್ರತಿಗಳು ಬಹಳ. ಇನಾನಾ ದೇವಿಯ ಗುಡಿ ಕಟ್ಟಿದೆ, ಈ ಮೊಳೆಗಳನ್ನು ಮಾಡಿಸಿದೆ ಅನ್ನುತ್ತದೆ. ನಂತರ ಒಂದು ಸಾಲು: ಆಗ ಲಗಾಶಿನ ಒಡೆಯ ಎನ್ಮೆತೆನ ಮತ್ತು ಉರುಕಿನ ಒಡೆಯ ಲುಗಾಲ್‌ಕಿನಿಶೆದುದು ಅಣ್ಣತಮ್ಮಂದಿರಾದರು. ಎರಡು ರಾಜ್ಯಗಳ ನಡುವಿನ ಸ್ನೇಹದ ಒಪ್ಪಂದವೊಂದು ಬರಹದಲ್ಲಿ ಉಳಿದದ್ದರಲ್ಲಿ ಅತಿ ಹಳೆಯವುಗಳ ಪೈಕಿ ಇದು. ಅದನ್ನು ಅವರು ಗುಡಿಯ ಗೋಡೆಗೆ ಚುಚ್ಚಿಟ್ಟರು.

ಮೂರನೆಯದು ಉರುಇನಿಮ್‌ಗಿನನ ಶಂಕುಗಳು. ಹಳೆಯ ಪುಸ್ತಕಗಳಲ್ಲಿ ಈ ಹೆಸರು ಉರುಕಗಿನ ಎಂದಿರುತ್ತದೆ. ಕ್ರಿ.ಪೂ. 2350ರ ಸುಮಾರು, ಅದೇ ಲಗಾಶ್. ಹೊಗಳಿಕೆಯಿಂದ ಸಾಕಾಗಿದೆ ಅಂದಿರಲ್ಲ, ನೀವು ಓದಬೇಕಾದ್ದು ಇದನ್ನು. ಮೊದಲು ಅನ್ಯಾಯಗಳ ಪಟ್ಟಿ. ಅಧಿಕಾರಿಗಳು ದೋಣಿ ಕಿತ್ತುಕೊಳ್ಳುತ್ತಿದ್ದರು, ಕತ್ತೆ ಕಿತ್ತುಕೊಳ್ಳುತ್ತಿದ್ದರು, ಕುರಿ ಕಿತ್ತುಕೊಳ್ಳುತ್ತಿದ್ದರು. ಸತ್ತವರನ್ನು ಮಣ್ಣು ಮಾಡಲು ತಂದರೆ ಶವಸಂಸ್ಕಾರದವನು 7 ಗಡಿಗೆ ಬಿಯರ್, 420 ರೊಟ್ಟಿ, ಧಾನ್ಯ, ಬಟ್ಟೆ, ಮೇಕೆ, ಮಂಚ ಎಲ್ಲ ಕೇಳುತ್ತಿದ್ದ. ನಂತರ ಹೊಸ ದರ: 3 ಗಡಿಗೆ ಬಿಯರ್, 80 ರೊಟ್ಟಿ. ಮಂಚ, ಮೇಕೆ ಹಾಗೇ ಉಳಿದವು. 420 ರೊಟ್ಟಿ ಅನ್ನುವ ಅಂಕಿ ನೋಡಿ. ಒಂದು ಸಾವಿನ ಮನೆ ಅಷ್ಟು ರೊಟ್ಟಿ ಎಲ್ಲಿಂದ ತರಬೇಕಿತ್ತು? ಈ ಒಂದು ಅಂಕಿಯಿಂದ ಆ ಕಾಲದ ಬಡವರು ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ವಿಧವೆಯನ್ನೂ ತಬ್ಬಲಿಯನ್ನೂ ಬಲವಂತರ ಕೈಗೆ ಒಪ್ಪಿಸುವುದಿಲ್ಲ ಎಂದು ದೊರೆ ನಿಂಗಿರ್ಸುವಿಗೆ ಮಾತು ಕೊಡುತ್ತಾನೆ. ಬಿಡುಗಡೆ ಎಂಬ ಅರ್ಥದ ‘ಅಮಗಿ’ ಎಂಬ ಪದ ಈ ಬರಹದಲ್ಲಿದೆ. ಬಿಡಿಸಿ ನೋಡಿದರೆ ತಾಯಿಯ ಬಳಿಗೆ ಮರಳುವುದು ಅಂತ. ಇಲ್ಲೂ ಮರಳುವುದೇ.

ನಾಲ್ಕನೆಯದು ಉರುಕಿನ ಸಿನ್‌ಕಾಶಿದ್ ಎಂಬ ದೊರೆಯದು, ಕ್ರಿ.ಪೂ. 19ನೇ ಶತಮಾನ. ಇವನ ಅರಮನೆಯ ಮೊಳೆಗಳು ರಾಶಿ ರಾಶಿ ಸಿಕ್ಕಿವೆ, ಅವುಗಳಲ್ಲಿ ವಿಶೇಷವೇನೂ ಇಲ್ಲ. ಆದರೆ ಲುಗಾಲ್‌ಬಂದ ಮತ್ತು ನಿನ್‌ಸುನ್ ದೇವತೆಗಳ ಗುಡಿಗಾಗಿ ಮಾಡಿಸಿದ ಮೊಳೆಯಲ್ಲಿ ಪೇಟೆಯ ಧಾರಣೆ ಇದೆ. ನನ್ನ ಆಳ್ವಿಕೆಯಲ್ಲಿ ಒಂದು ಶೆಕೆಲ್ ಬೆಳ್ಳಿಗೆ 3 ಗುರ್ ಜವೆಗೋಧಿ, 12 ಮಿನಾ ಉಣ್ಣೆ, 10 ಮಿನಾ ತಾಮ್ರ, ಇಲ್ಲವೇ 3 ಬಾನ್ ಎಣ್ಣೆ ಸಿಗುತ್ತಿತ್ತು ಅನ್ನುತ್ತಾನೆ. ಶೆಕೆಲ್ ಅಂದರೆ ಎಂಟು ಗ್ರಾಮಿಗೆ ತುಸು ಜಾಸ್ತಿ, ಗುರ್ ಅಂದರೆ ಸುಮಾರು 300 ಲೀಟರ್, ಮಿನಾ ಅಂದರೆ ಸುಮಾರು ಅರ್ಧ ಕಿಲೋ, ಬಾನ್ ಅಂದರೆ ಸುಮಾರು 10 ಲೀಟರ್. ಆ ಕಾಲದ ಲೆಕ್ಕಪತ್ರಗಳಲ್ಲಿ ಒಂದು ಶೆಕೆಲ್ಲಿಗೆ ಸಾಮಾನ್ಯವಾಗಿ ಒಂದು ಗುರ್ ಜವೆಗೋಧಿ ಕಾಣುತ್ತದೆ. ಅಂದಮೇಲೆ ದೊರೆಯ ಅಂಕಿ ಪೇಟೆಯದಲ್ಲ, ಪೇಟೆ ಹೀಗಿರಲಿ ಎಂಬ ಹಾರೈಕೆಯದು. ಅದರಿಂದ ಆ ಮೊಳೆಯ ಬೆಲೆ ನನ್ನ ಮಟ್ಟಿಗೆ ಕಡಿಮೆಯಾಗಲಿಲ್ಲ. ಒಳ್ಳೆಯ ಕಾಲ ಅಂದರೆ ಏನು ಅಂತ ಕೇಳಿದರೆ ಆ ಊರಿನವರು ಕೊಡುತ್ತಿದ್ದ ಉತ್ತರ ಇದು: ಕಾಳು, ಉಣ್ಣೆ, ತಾಮ್ರ, ಎಣ್ಣೆ ಕೈಗೆಟುಕುವಂತಿರುವುದು.

ಪ್ರಶ್ನೆ: ಗುಡೇಯನ ಶಂಕು ಎಂದು ಒಬ್ಬರು ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ. ಚಿತ್ರ ಕಳಿಸಿದ್ದೇನೆ. ‘ಹಳೆಯ ಖಾಸಗಿ ಸಂಗ್ರಹದಿಂದ’ ಎಂದಷ್ಟೇ ಬರೆದಿದ್ದಾರೆ. ಸಾವಿರಾರು ಪ್ರತಿ ಇವೆ ಅಂದಮೇಲೆ ಒಂದನ್ನು ಕೊಂಡರೆ ತಪ್ಪೇನು? ಅದು ನಿಜವಾದದ್ದೇ?

ಉತ್ತರ: ಚಿತ್ರ ನೋಡಿ ನಿಜವೋ ನಕಲೋ ಹೇಳುವುದಿಲ್ಲ. ಹೇಳಬಹುದಾದರೂ ಹೇಳುವುದಿಲ್ಲ. ‘ನಿಜ’ ಎಂಬ ನನ್ನ ಒಂದು ಮಾತು ಮಾರುವವನ ಬೆಲೆ ಏರಿಸುತ್ತದೆ, ಅಷ್ಟೇ.

ಒಂದು ಕಾಲದಲ್ಲಿ ಇವು ಸಲೀಸಾಗಿ ಕೈ ಬದಲಾಗುತ್ತಿದ್ದವು, ನಿಜ. 1903–04ರಲ್ಲಿ ಇರಾಕಿನ ಬಿಸ್ಮಾಯಾ ದಿಬ್ಬ ಅಗೆದ ಅಮೆರಿಕದ ಎಡ್ಗರ್ ಬ್ಯಾಂಕ್ಸ್ ಆಮೇಲೆ ಸಾವಿರಾರು ಮಣ್ಣಿನ ಫಲಕ, ಶಂಕುಗಳನ್ನು ತನ್ನ ದೇಶದ ಕಾಲೇಜು, ಗ್ರಂಥಾಲಯಗಳಿಗೆಲ್ಲ ಮಾರಿದರು. ಗುಡೇಯನ ಮೊಳೆಗಳು ಅಷ್ಟೊಂದು ಊರುಗಳಲ್ಲಿ ಇರುವುದಕ್ಕೆ ಇಂಥ ಮಾರಾಟವೇ ಒಂದು ಕಾರಣ. ಇವತ್ತು ಆ ಮಾತಿಲ್ಲ. 1990ರ ಆಗಸ್ಟ್ 6ರ ನಂತರ ಇರಾಕಿನಿಂದ ಅಕ್ರಮವಾಗಿ ಹೊರಬಂದ ಪುರಾತನ ವಸ್ತುಗಳ ವ್ಯಾಪಾರವನ್ನು ತಡೆಯಬೇಕು, ಅವನ್ನು ಹಿಂತಿರುಗಿಸಬೇಕು ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2003ರ ಮೇ ತಿಂಗಳಲ್ಲಿ 1483ನೇ ನಿರ್ಣಯದಲ್ಲಿ ಹೇಳಿದೆ. ‘ಹಳೆಯ ಖಾಸಗಿ ಸಂಗ್ರಹ’ ಅನ್ನುವ ಮೂರು ಪದ ಕಾಗದವಲ್ಲ. ಯಾವ ವರ್ಷ, ಯಾವ ದೇಶದಿಂದ, ಯಾರ ಅನುಮತಿಯಲ್ಲಿ ಹೊರಬಂತು ಅನ್ನುವ ಕಾಗದ ಬೇಕು.

ಇನ್ನು ‘ಸಾವಿರಾರು ಇವೆಯಲ್ಲ’ ಅನ್ನುವ ನಿಮ್ಮ ಮಾತು. ನಾನೂ ಹಾಗೆ ಅಂದುಕೊಂಡಿದ್ದ ದಿನಗಳಿದ್ದವು. ಎಲ್ಲದರಲ್ಲೂ ಅದೇ ಹತ್ತು ಸಾಲು, ಒಂದು ಆಚೆ ಈಚೆ ಆದರೆ ಏನು ನಷ್ಟ? ನಷ್ಟ ಬರಹದಲ್ಲಿ ಅಲ್ಲ, ಜಾಗದಲ್ಲಿ. ಗೋಡೆಯಲ್ಲಿ ಕೂತಿರುವ ಮೊಳೆ ಬಹಳ ವಿಷಯ ಹೇಳುತ್ತದೆ. ಈ ಗೋಡೆ ಗುಡೇಯನದು, ಇಂಥ ಗುಡಿಯದು. ನೆಲದಿಂದ ಇಷ್ಟು ಎತ್ತರಕ್ಕೆ, ಪಕ್ಕದ ಮೊಳೆಯಿಂದ ಇಷ್ಟು ದೂರಕ್ಕೆ. ಕಿತ್ತು ತಂದ ಮೊಳೆ ಹೇಳುವುದು ಆ ಹತ್ತು ಸಾಲು ಮಾತ್ರ, ಅದು ನಮಗೆ ಆಗಲೇ ಬಾಯಿಪಾಠ. ಒಂದನ್ನು ಕೀಳಲು ಕಳ್ಳರು ಗೋಡೆಯನ್ನೇ ಸೀಳುತ್ತಾರೆ. ನೀವು ಕೊಟ್ಟ ಹಣ ಮುಂದಿನ ಗುಂಡಿಗೆ ಕೂಲಿ.

ನಡೆದ ಒಂದು ವಿಷಯ ಹೇಳುತ್ತೇನೆ. 2003ರ ಮೇ ತಿಂಗಳಲ್ಲಿ ಲಂಡನ್ ಪೊಲೀಸರು ಒಬ್ಬ ವ್ಯಾಪಾರಿಯಿಂದ ಎಂಟು ಸಣ್ಣ ವಸ್ತುಗಳನ್ನು ವಶಪಡಿಸಿಕೊಂಡರು. ಅವು ತನ್ನವೆಂದು ತೋರಿಸುವ ಕಾಗದ ಅವನ ಬಳಿ ಇರಲಿಲ್ಲ. ವಸ್ತುಗಳು ವರ್ಷಗಟ್ಟಲೆ ಪೊಲೀಸರ ಬಳಿಯೇ ಉಳಿದು, ಕೊನೆಗೆ ಗುರುತಿಸಲು ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದವು. ಎಂಟರಲ್ಲಿ ಮೂರು ಬರಹವಿರುವ ಮಣ್ಣಿನ ಶಂಕುಗಳು. ಓದಿದರೆ ಗುಡೇಯ, ನಿಂಗಿರ್ಸು, ಎನಿನ್ನು. ಅದೇ ಹೊತ್ತಿಗೆ ಆ ಮ್ಯೂಸಿಯಮ್ಮಿನ ತಂಡವೇ ಇರಾಕಿಗಳ ಜೊತೆ ತೆಲ್ಲೋದಲ್ಲಿ ಅಗೆಯುತ್ತಿತ್ತು. ಗುಡಿಯ ಜಾಗದಲ್ಲಿ ಕಳ್ಳರು ತೋಡಿದ ಗುಂಡಿಗಳು. ಗುಂಡಿಗಳ ಪಕ್ಕದಲ್ಲೇ ಅವರು ಎಸೆದುಹೋದ ಒಡೆದ ಶಂಕುಗಳು, ಅದೇ ಬರಹದವು. ಗುಡಿಯ ಗೋಡೆಯಲ್ಲಿ ಮೊಳೆಗಳು ಕಿತ್ತುಬಂದ ತೂತುಗಳು. ಲಂಡನ್ನಿನ ಮೇಜಿನ ಮೇಲಿದ್ದ ವಸ್ತು ಯಾವ ಗೋಡೆಯಿಂದ ಬಂತು ಅಂತ ಇಷ್ಟು ಖಚಿತವಾಗಿ ಗೊತ್ತಾಗುವುದು ತೀರಾ ಅಪರೂಪ. 2018ರ ಆಗಸ್ಟಿನಲ್ಲಿ ಎಂಟನ್ನೂ ಇರಾಕಿನ ರಾಯಭಾರಿಗೆ ಒಪ್ಪಿಸಿದರು.

ಆ ಸುದ್ದಿ ಓದಿದ ದಿನ ನಾನು ನನ್ನ ಹಳೆಯ ಟಿಪ್ಪಣಿ ಪುಸ್ತಕ ತೆಗೆದು ಆ ಹತ್ತು ಸಾಲನ್ನು ಇನ್ನೊಮ್ಮೆ ಬರೆದೆ. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು.

ನೀವು ಕಳಿಸಿದ ಚಿತ್ರದಲ್ಲಿ ಶಂಕುವಿನ ತುದಿ ಮುರಿದಿದೆ. ಮುರಿದ ಕಡೆ ಮಣ್ಣು ತಿಳಿಯಾಗಿದೆ, ಉಳಿದ ಮೈ ಕಪ್ಪಾಗಿದೆ. ಹಳೆಯ ಮುರುಕಾದರೆ ಎರಡೂ ಒಂದೇ ಬಣ್ಣ ಇರಬೇಕಿತ್ತು. ಅಂದರೆ ಮುರಿದು ಜಾಸ್ತಿ ದಿನ ಆಗಿಲ್ಲ. ಅದು ನಿಜವಾದ ಮೊಳೆಯೇ ಆಗಿದ್ದರೆ, ಅದರ ತುದಿ ಇನ್ನೂ ಗೋಡೆಯೊಳಗೇ ಇರಬಹುದು. ದಯವಿಟ್ಟು ಕೊಳ್ಳಬೇಡಿ.